ಎಸಿ ಆರಿಸಿದ ಏಳು ನಿಮಿಷ

ಹಗಲೆಲ್ಲ ಊರವರ ಎಸಿ ರಿಪೇರಿ ಮಾಡುವವನು ನಾನು,
ರಾತ್ರಿ ನನ್ನದನ್ನೇ ಆರಿಸುತ್ತೇನೆ.
ಅಜ್ಮಾನಿನ ಮೀನುಮಾರುಕಟ್ಟೆ ಹಿಂದಿನ ಓಣಿ,
ಮೂರನೇ ಮಾಳಿಗೆ, ಸ್ಟೋರ್ ರೂಮು:
ಎಂಟಡಿ ಉದ್ದ, ಆರಡಿ ಅಗಲ,
ಮಂಚ ಹಾಕಿದರೆ ಬಾಗಿಲು ತೆರೆಯದು.
ಹಾಗಾಗಿ ಬಾಡಿಗೆ ಕಡಿಮೆ. ಹಾಗಾಗಿ ಸ್ಟುಡಿಯೋ.

ಮೊದಲು ಗೋಡೆಗೆ ಮೊಟ್ಟೆಯ ತಟ್ಟೆ ಅಂಟಿಸಿದೆ.
ಕೆಫೆಟೇರಿಯಾದ ಅಶ್ರಫ್ ದಿನಕ್ಕೆ ನಾಲ್ಕರಂತೆ ಕೂಡಿಟ್ಟು ಕೊಟ್ಟ
ಮೂವತ್ತು ಗುಳಿಯ ಬೂದು ರಟ್ಟು.
ತಿಂಗಳಿಡೀ ಕೋಣೆ ಕೋಳಿಗೂಡಿನಂತೆ ನಾರಿತು,
ಸದ್ದು ಒಂದಿಷ್ಟೂ ಕುಗ್ಗಲಿಲ್ಲ.
ಕಿತ್ತೆಸೆದೆ.

ಆಮೇಲೆ ಸೈಟಿನಲ್ಲಿ ಡಕ್ಟಿಗೆ ಸುತ್ತಿ ಉಳಿದ ಗಾಜುಹತ್ತಿ;
ಫೋರ್‌ಮನ್ ಮುಖ ಆ ಕಡೆ ತಿರುಗಿಸಿದ, ಅದೇ ಅವನ ದೇಣಿಗೆ.
ಪ್ಯಾಲೆಟ್ಟಿನ ಹಲಗೆ ಸೀಳಿ ಚೌಕಟ್ಟು,
ಹೊದಿಕೆಗೆ, ಅಬಾಯ ಹೊಲಿಯುವ ಮುಷ್ತಾಕನ ಅಂಗಡಿಯ ಕರಿ ತುಂಡುಗಳು.
‘ಬಾಯಿಗಿಟ್ಟು ಊದಿ ನೋಡು,’ ಅಂದ,
‘ಉಸಿರು ಆಚೆ ಹೊರಟರೆ ದನಿಯೂ ಹೊರಡುತ್ತೆ.
ಇದನ್ನು ತೊಟ್ಟು ಬೇಸಗೆ ಕಳೆಯುವವರಿದ್ದಾರೆ, ಗೊತ್ತಾ?’
ವಾರವಿಡೀ ಮೈ ತುರಿಕೆ. ಎಂಟನೇ ದಿನ ಚಪ್ಪಾಳೆ ತಟ್ಟಿದೆ:
ಅಂಗೈಯಲ್ಲೇ ಸತ್ತಿತು.
ಆ ರಾತ್ರಿ ಅನ್ನ ಬೇಯಿಸಲಿಲ್ಲ,
ಚಪ್ಪಾಳೆ ತಟ್ಟುತ್ತಲೇ ಕೂತೆ.

ಮೊದಲ ಮೈಕು, ದೇರಾದ ಹೋಟೆಲಿನಲ್ಲಿ ಹಾಡುತ್ತಿದ್ದ ಫಿಲಿಪೀನಿ ಹುಡುಗಿಯದು.
ವೀಸಾ ಮುಗಿದಿತ್ತು; ನೂರೈವತ್ತು ದಿರ್ಹಮ್ಮಿಗೆ ಬಿಟ್ಟುಕೊಟ್ಟಳು,
ಜಾಲರಿಯಲ್ಲಿ ಇನ್ನೂ ಲಿಪ್‌ಸ್ಟಿಕ್ಕಿನ ಗುರುತು.
ತುಟಿಗೆ ತಾಗಿದರಷ್ಟೇ ಕೇಳುವ ಮೈಕು,
ನೆರೆಮನೆಯ ಜಗಳಕ್ಕೆ ಕಿವಿಗೊಡದ ಮರ್ಯಾದಸ್ಥ.
ಎರಡು ವರ್ಷ ಅದರಲ್ಲೇ ಸಾಗಿತು:
ಕ್ರೇನಿನ ಯಮನೂರಪ್ಪನ ತತ್ವಪದ,
ನರ್ಸ್ ಲವೀನಾಳ ಕ್ರಿಸ್ಮಸ್ ಕೊಂಕಣಿ,
ಭಟ್ಕಳದ ಹುಡುಗರು ಯಾರದೋ ಮದುವೆಗೆಂದು ಕಟ್ಟಿದ ಎಂಟು ಸಾಲು.

ಈ ಬೇಸಗೆಯ ಸೇಲಿನಲ್ಲಿ ಕೈ ಬಿಚ್ಚಿದೆ.
ಕಂಡೆನ್ಸರ್ ಮೈಕು, ಎರಡು ತೂತಿನ ಇಂಟರ್‌ಫೇಸು.
ಇದಕ್ಕೆ ಫ್ಯಾಂಟಮ್ ಪವರ್ ಬೇಕು, ನಲವತ್ತೆಂಟು ವೋಲ್ಟು.
‘ಫ್ಯಾಂಟಮ್ ಅಂದ್ರೆ ಭೂತವೇ ಅಲ್ವಾ?’ ಎಂದಳು ಲವೀನಾ,
ಕಿನ್ನಿಗೋಳಿಯವಳು, ಭೂತಗಳ ಲೆಕ್ಕ ಬಲ್ಲವಳು.
ಗುಂಡಿ ಒತ್ತಿದೆ. ಕೆಂಪು ದೀಪ. ದರ್ಶನ ಬಂತು.
ನುಡಿ ಕೊಡತೊಡಗಿತು ನೋಡಿ:
ಲಿಫ್ಟಿನ ಹಗ್ಗ, ನೀರಿನ ಪಂಪು,
ಕೆಳಗಿನ ಮನೆಯ ಗಂಡಹೆಂಡಿರ ಅರ್ಧ ಮಾತು,
ಟ್ಯೂಬ್‌ಲೈಟಿನ ಗುಂಯ್,
ಎಲ್ಲಕ್ಕಿಂತ ಜೋರಾಗಿ, ಹದಿನೆಂಟು ವರ್ಷದಿಂದ
ನನಗೆ ಕೇಳಿಸುವುದನ್ನೇ ಬಿಟ್ಟಿದ್ದ
ಎಸಿ.

ಆರಿಸಿದೆ. ಆಗಸ್ಟು. ರಾತ್ರಿ ಹನ್ನೊಂದಕ್ಕೂ ಮೂವತ್ತೆಂಟು ಡಿಗ್ರಿ.
ಏಳು ನಿಮಿಷ ತಾಳಬಹುದು ಎಂದು ಲೆಕ್ಕ;
ಎಂಟನೆಯದಕ್ಕೆ ಬೆವರು ತೊಟ್ಟಿಕ್ಕುವುದೂ ಮೈಕಿಗೆ ಕೇಳುತ್ತದೆ.
ಯಮನೂರಪ್ಪ ಬನಿಯನ್ನಿನಲ್ಲಿ ನಿಂತು
ಹೆಲ್ಮೆಟ್ಟಿನ ಗೆರೆ ಕೂತ ಹಣೆ ಒರೆಸಿಕೊಂಡು ಹಾಡಿದ.
ಹೆಡ್‌ಫೋನ್ ಹಾಕಿ ಕೇಳಿದ. ಮುಖ ಸಣ್ಣಗಾಯಿತು.
‘ಹಳೇದ್ರಾಗ ಚೊಲೋ ಹಾಡ್ತಿದ್ನೆಲ್ರೀ ನಾ?
ಇದ್ರಾಗ ಯಾವನೋ ಮುದುಕ ಏದುಸಿರು ಬಿಡಾಕ್ಹತ್ಯಾನ.’

ಉಸಿರನ್ನು ಕತ್ತರಿಸಿ ತೆಗೆಯಬಹುದು, ಒಂದೊಂದಾಗಿ.
ತೆಗೆದೆ, ರಾತ್ರಿ ಎರಡರವರೆಗೆ.
ಮರುವಾರ ಕೇಳಿದ:
‘ಈಗ ಸತ್ತಂವ ಹಾಡಿದಂಗಾತು. ಹೊಳ್ಳಿ ಹಾಕ್ರಿ.’
ಹಾಕಿದೆ.

ಹಾಡು ಮುಗಿದ ಮೇಲೆ ಮೂವತ್ತು ಸೆಕೆಂಡು
ಬರಿಯ ಕೋಣೆಯನ್ನೇ ಹಿಡಿದಿಟ್ಟುಕೊಳ್ಳಬೇಕು,
ಆಮೇಲೆ ತೇಪೆಗೆ ಬೇಕಾಗುತ್ತದೆ.
ಯಾರೂ ಅಲುಗಬೇಡಿ ಎನ್ನುತ್ತೇನೆ.
ಮೂವರೂ ಬೆವರುತ್ತ ನಿಲ್ಲುತ್ತೇವೆ.
ಪರದೆಯ ಮೇಲೆ ಹಸಿರು ಗೆರೆ ಸಾಗುತ್ತದೆ;
ಸಪಾಟಾಗಿ ಕಂಡರೂ ಹಿಗ್ಗಿಸಿ ನೋಡಿದರೆ
ಅದಕ್ಕೂ ಸಣ್ಣ ರೋಮ.
ಎಸಿ ಇಲ್ಲದ ಅಜ್ಮಾನು ಹೀಗೆ ಕೇಳಿಸುತ್ತದೆ ಎಂದು
ಈ ಓಣಿಯಲ್ಲಿ ನಮಗೆ ಮೂವರಿಗಷ್ಟೇ ಗೊತ್ತಿರಬೇಕು.
ಇಪ್ಪತ್ತೇಳು, ಇಪ್ಪತ್ತೆಂಟು,
ಲವೀನಾ ಸೀನುತ್ತಾಳೆ.